ಪಂದ್ಯದ ಸರಾಸರಿ ನಂಬದೆ ರನ್ ಡಿಫೆನ್ಸ್ ಅಳೆದ ಬಗೆ

ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲಿ ಒಂದು ತಂಡದ ರನ್ ಡಿಫೆನ್ಸ್, ಅಂದರೆ ಚೆಂಡು ಹಿಡಿದು ಓಡುವ ಎದುರಾಳಿಯನ್ನು ತಡೆಯುವ ಶಕ್ತಿ, ಹೇಗಿದೆ ಎಂದು ಕೇಳಿದರೆ ಟಿವಿಯವರು ತೋರಿಸುವುದು ಒಂದೇ ಅಂಕಿ: ಪಂದ್ಯಕ್ಕೆ ಸರಾಸರಿ ಓಟದಲ್ಲಿ ಎಷ್ಟು ಯಾರ್ಡ್ ಬಿಟ್ಟುಕೊಟ್ಟರು ಎಂಬುದು. ಓಹಾಯೋ ಸ್ಟೇಟ್ ತಂಡವನ್ನು ಕೆಲವು ಋತುಗಳಿಂದ ಬೆನ್ನುಹತ್ತಿರುವ ನನಗೆ ಈ ಅಂಕಿಯಷ್ಟು ನಂಬಿಕೆಗೆ ಅನರ್ಹವಾದುದು ಇನ್ನೊಂದಿಲ್ಲ.

ಮೊದಲ ತೊಡಕು ಸ್ಯಾಕ್. ಪಾಸ್ ಎಸೆಯಲು ನಿಂತ ಕ್ವಾರ್ಟರ್‌ಬ್ಯಾಕ್‌ನನ್ನು (ದಾಳಿಯನ್ನು ನಡೆಸುವ, ಚೆಂಡೆಸೆಯುವ ಆಟಗಾರ) ಹಿಂದೆಯೇ ಕೆಡವಿದರೆ ಆದ ನಷ್ಟವನ್ನು ಕಾಲೇಜು ಆಟದಲ್ಲಿ ಓಟದ ಖಾತೆಗೆ ಬರೆಯುತ್ತಾರೆ. ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನಲ್ಲಿ ಅದು ಪಾಸಿನ ಖಾತೆಗೆ ಹೋಗುತ್ತದೆ. ಎದುರಾಳಿ 30 ಬಾರಿ ಓಡಿ 150 ಯಾರ್ಡ್ ಗಳಿಸಿದ ಎನ್ನಿ, ಅಂದರೆ ಓಟಕ್ಕೆ 5. ಇದಕ್ಕೆ ಐದು ಸ್ಯಾಕ್‌ಗಳ 35 ಯಾರ್ಡ್ ನಷ್ಟ ಸೇರಿದರೆ ದಾಖಲೆಯಲ್ಲಿ 35 ಓಟ, 115 ಯಾರ್ಡ್; ಸರಾಸರಿ 3.3ಕ್ಕೆ ಇಳಿಯುತ್ತದೆ. ಓಟ ತಡೆಯಲಾಗದ ತಂಡವೂ ಕಾಗದದ ಮೇಲೆ ಗಟ್ಟಿಯಾಗಿ ಕಾಣುತ್ತದೆ. ಹಾಗಾಗಿ ಪ್ರತಿ ಆಟದ, ಅಂದರೆ ಪಂದ್ಯದೊಳಗಿನ ಒಂದೊಂದು ಪ್ರಯತ್ನದ, ವಿವರವಿರುವ ಪಟ್ಟಿಯಿಂದ ಸ್ಯಾಕ್‌ಗಳನ್ನೂ, ಸಮಯ ಕಳೆಯಲು ಕ್ವಾರ್ಟರ್‌ಬ್ಯಾಕ್ ಮಂಡಿಯೂರುವ ಆಟಗಳನ್ನೂ ಮೊದಲೇ ಕಿತ್ತುಹಾಕುತ್ತೇನೆ. ಬೇಸರದ ಕೆಲಸ, ಆದರೆ ಇದಿಲ್ಲದೆ ಮುಂದಿನದೆಲ್ಲ ವ್ಯರ್ಥ.

ಎರಡನೆಯದು ಸ್ಕೋರು. ಓಹಾಯೋ ಸ್ಟೇಟ್ ಬಹುತೇಕ ಪಂದ್ಯಗಳಲ್ಲಿ ದೊಡ್ಡ ಅಂತರದಿಂದ ಮುಂದಿರುತ್ತದೆ. ಹಿಂದೆ ಬಿದ್ದವರು ಓಡುವುದನ್ನು ಬಿಟ್ಟು ಪಾಸ್ ಎಸೆಯತೊಡಗುತ್ತಾರೆ. ಎರಡೇ ಓವರ್ ಹಾಕಿ 20 ರನ್ ಕೊಟ್ಟ ಬೌಲರನ್ನು ಹತ್ತು ಓವರ್ ಹಾಕಿ 40 ಕೊಟ್ಟವನಿಗಿಂತ ಉತ್ತಮ ಎಂದಂತೆ ಈ ಪಂದ್ಯಕ್ಕಿಷ್ಟು ಎಂಬ ಲೆಕ್ಕ. ಕೊನೆಯ ಕ್ವಾರ್ಟರ್‌ನಲ್ಲಿ ಅಂತರ ಮೂರು ಟಚ್‌ಡೌನ್ (ಚೆಂಡನ್ನು ಎದುರಾಳಿಯ ಕೊನೆಗೆರೆ ದಾಟಿಸಿ ಗಳಿಸುವ ಅಂಕ) ದಾಟಿದ್ದರೆ ಆ ಆಟಗಳನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಉಳಿದ ಒಂದೊಂದು ಓಟಕ್ಕೂ ಗೆದ್ದಿತು, ಸೋತಿತು ಎಂಬ ಗುರುತು ಹಾಕುತ್ತೇನೆ. ಹತ್ತು ಯಾರ್ಡ್ ಮುಂದೆ ಸಾಗಲು ನಾಲ್ಕು ಡೌನ್‌ಗಳ, ಅಂದರೆ ನಾಲ್ಕು ಪ್ರಯತ್ನಗಳ, ಅವಕಾಶವಿರುವ ಆಟವಿದು. ಮೊದಲ ಡೌನ್‌ನಲ್ಲಿ ಬೇಕಾದ ದೂರದ ಶೇ. 50, ಎರಡನೆಯದರಲ್ಲಿ ಶೇ. 70, ಮೂರು ಮತ್ತು ನಾಲ್ಕನೆಯದರಲ್ಲಿ ಪೂರ್ತಿ ಸಿಕ್ಕರೆ ಆ ಓಟ ಸಫಲ. ಇದು ನನ್ನ ಆವಿಷ್ಕಾರವಲ್ಲ, ಕಾಲೇಜು ಆಟದ ವಿಶ್ಲೇಷಕರು ಬಹುಕಾಲದಿಂದ ಬಳಸುವ ಅಳತೆ. ಪಕ್ಕದಲ್ಲೇ ಇನ್ನೊಂದು ಕಾಲಂ: 15 ಯಾರ್ಡ್ ದಾಟಿದ ಓಟಗಳು. ಮೊದಲನೆಯದು ಮುಂದಿನ ಸಾಲಿನ ದಪ್ಪ ಆಳುಗಳ ಕಥೆ ಹೇಳುತ್ತದೆ, ಎರಡನೆಯದು ಹೆಚ್ಚಾಗಿ ಅವರ ಹಿಂದೆ ನಿಲ್ಲುವ ಲೈನ್‌ಬ್ಯಾಕರ್ ಮತ್ತು ಸೇಫ್ಟಿಗಳದ್ದು.

ಈ ಎರಡು ಕಾಲಂಗಳ ಬೆಲೆ ಗೊತ್ತಾಗಬೇಕಾದರೆ ಮಿಷಿಗನ್ ವಿರುದ್ಧದ ಎರಡು ಸೋಲುಗಳನ್ನು ಅಕ್ಕಪಕ್ಕ ಇಡಬೇಕು. 2021ರಲ್ಲಿ 42-27, ಓಟದಲ್ಲಿ ಬಿಟ್ಟುಕೊಟ್ಟದ್ದು 297 ಯಾರ್ಡ್. 2022ರಲ್ಲಿ 45-23, ಓಟದಲ್ಲಿ 252 ಯಾರ್ಡ್. ಮೇಲ್ನೋಟಕ್ಕೆ ಒಂದೇ ರೋಗ, ಎರಡನೇ ವರ್ಷವೂ ವಾಸಿಯಾಗಿಲ್ಲ. ಆದರೆ 2021ರಲ್ಲಿ ಮಿಷಿಗನ್‌ನ ಬ್ಲೇಕ್ ಕೋರಮ್‌ನ 55 ಯಾರ್ಡ್‌ಗಳ ಒಂದು ಓಟವನ್ನು ತೆಗೆದರೂ 242 ಉಳಿಯುತ್ತದೆ. ಹಸನ್ ಹ್ಯಾಸ್ಕಿನ್ಸ್ ಒಬ್ಬನೇ 169 ಯಾರ್ಡ್, ಐದು ಟಚ್‌ಡೌನ್. ಮಿಷಿಗನ್‌ನ ಆರೂ ಟಚ್‌ಡೌನ್ ಬಂದದ್ದು ಓಟದಿಂದಲೇ. ಮುಂದಿನ ಸಾಲನ್ನು ತಳ್ಳಿಕೊಂಡೇ ಹೋದರು.

2022ರಲ್ಲಿ ಕೋರಮ್ ಎರಡೇ ಓಟಗಳ ನಂತರ ಮಂಡಿ ನೋವಿನಿಂದ ಹೊರಗುಳಿದ. ಬಲಗೈಗೆ ಪಟ್ಟಿ ಕಟ್ಟಿಕೊಂಡೇ ಡೊನೊವನ್ ಎಡ್ವರ್ಡ್ಸ್ ಓಡಿದ. 22 ಓಟ, 216 ಯಾರ್ಡ್. ಅದರಲ್ಲಿ ಎರಡೇ ಓಟಗಳು 75 ಮತ್ತು 85, ಎರಡೂ ಕೊನೆಯ ಕ್ವಾರ್ಟರ್‌ನಲ್ಲಿ. ಮಿಕ್ಕ 20 ಓಟಗಳಿಗೆ 56 ಯಾರ್ಡ್, ತಲಾ ಮೂರೂ ಇಲ್ಲ. ಆ ವರ್ಷ ಹೊಸದಾಗಿ ಬಂದಿದ್ದ ಡಿಫೆನ್ಸ್ ಕೋಚ್ ಜಿಮ್ ನೋಲ್ಸ್ ಮುಂದಿನ ಸಾಲನ್ನು ಸರಿಪಡಿಸಿದ್ದರು. ಅದನ್ನು ದಾಟಿದವನನ್ನು ಹಿಂದೆ ಹಿಡಿಯುವವರೇ ಇರಲಿಲ್ಲ. ಎರಡೂ ವರ್ಷಕ್ಕೆ 'ಓಟ ತಡೆಯಲು ಬಾರದ ತಂಡ' ಎಂದು ಒಂದೇ ಮುದ್ರೆ ಒತ್ತುವುದು ಸೋಮಾರಿತನ.

ಋತುಗಳನ್ನು ಹೋಲಿಸುವಾಗ ಕಾಲಿನ ಕೆಳಗಿನ ನೆಲವೂ ಜರುಗುತ್ತಿರುತ್ತದೆ. ಕೋವಿಡ್ ಋತುವಾದ 2020ರಲ್ಲಿ ಓಹಾಯೋ ಸ್ಟೇಟ್ ಆಡಿದ್ದೇ ಎಂಟು ಪಂದ್ಯ. 2023ರಿಂದ ಫಸ್ಟ್ ಡೌನ್ ಸಿಕ್ಕಾಗ, ಅಂದರೆ ಹತ್ತು ಯಾರ್ಡ್ ದಾಟಿ ಹೊಸ ನಾಲ್ಕು ಪ್ರಯತ್ನ ಸಿಕ್ಕಾಗ, ಗಡಿಯಾರ ನಿಲ್ಲಿಸುವುದನ್ನು ಪ್ರತಿ ಅರ್ಧದ ಕೊನೆಯ ಎರಡು ನಿಮಿಷಕ್ಕೆ ಸೀಮಿತಗೊಳಿಸಿದರು. ಪಂದ್ಯಕ್ಕೆ ಆಟಗಳೇ ಕಡಿಮೆಯಾದವು. 2024ರಲ್ಲಿ ಓಹಾಯೋ ಸ್ಟೇಟ್ ಆಡುವ ಬಿಗ್ ಟೆನ್ ಗುಂಪಿಗೆ ಆರಿಗಾನ್, ವಾಷಿಂಗ್ಟನ್ ಮುಂತಾದವು ಸೇರಿ 18 ತಂಡಗಳಾದವು, ಎದುರಾಳಿಗಳೇ ಬೇರೆ. ಅದಕ್ಕೇ ಪ್ರತಿ ಎದುರಾಳಿಯೂ ಉಳಿದ ಪಂದ್ಯಗಳಲ್ಲಿ ಎಷ್ಟರಮಟ್ಟಿಗೆ ಸಫಲವಾಗಿ ಓಡಿತು ಎಂಬುದನ್ನು ಎದುರಿಗಿಟ್ಟು, ವ್ಯತ್ಯಾಸವನ್ನಷ್ಟೇ ಬರೆದುಕೊಳ್ಳುತ್ತೇನೆ.

2024ರ ಮಿಷಿಗನ್ ಪಂದ್ಯ ಈ ವಿಧಾನಕ್ಕೂ ಸುಲಭದ ತುತ್ತಲ್ಲ. ಮಿಷಿಗನ್ ಪಾಸಿನಿಂದ ಗಳಿಸಿದ್ದು ಬರೀ 62 ಯಾರ್ಡ್. ಓಡುತ್ತಾರೆಂದು ಕ್ರೀಡಾಂಗಣಕ್ಕೆಲ್ಲ ಗೊತ್ತಿತ್ತು. ಆದರೂ ಕಲೆಲ್ ಮಲಿಂಗ್ಸ್ 32 ಓಟಗಳಲ್ಲಿ 116 ಯಾರ್ಡ್ ಕಿತ್ತ. ಸರಾಸರಿ ನಾಲ್ಕಕ್ಕಿಂತ ಕಡಿಮೆ, ಆದರೆ ಕೊನೆಗೆ ಮೂರನೇ ಡೌನ್‌ನಲ್ಲಿ ಆರು ಬೇಕಿದ್ದಾಗ 27 ಓಡಿಬಿಟ್ಟ. ಸೋಲು 13-10. ಅದೇ ಡಿಫೆನ್ಸ್ 2025ರ ಜನವರಿಯಲ್ಲಿ ರಾಷ್ಟ್ರೀಯ ಫೈನಲ್‌ನಲ್ಲಿ ನೋಟ್ರ್ ಡೇಮ್‌ಗೆ ಚೆಂಡು ಸಿಕ್ಕ ಮೊದಲ ಸರದಿಯಲ್ಲೇ 18 ಆಟಗಳಲ್ಲಿ ಓಟ, ಪಾಸ್ ಸೇರಿ 75 ಯಾರ್ಡ್ ಬಿಟ್ಟುಕೊಟ್ಟಿತು, ಅದರಲ್ಲಿ ಬಹುಪಾಲು ಕ್ವಾರ್ಟರ್‌ಬ್ಯಾಕ್ ರೈಲಿ ಲೆನರ್ಡ್‌ನ ಆಟ. ಪಂದ್ಯ ಮುಗಿದಾಗ ನೋಟ್ರ್ ಡೇಮ್‌ನ ಓಟದ ಒಟ್ಟು ಗಳಿಕೆ 53. ಆ ಪಂದ್ಯದ ನಂತರ ಪಟ್ಟಿಗೆ ಇನ್ನೊಂದು ಕಾಲಂ ಸೇರಿಸಿದ್ದೇನೆ: ಎದುರಾಳಿಯ ಮೊದಲ ಸರದಿ ಬೇರೆ, ಉಳಿದದ್ದು ಬೇರೆ.