ಚಿಟ್ಟೆ ಕ್ಲಿಕ್ ಆಗದಿದ್ದರೆ: ಸ್ಕ್ರ್ಯಾಚ್‌ನಲ್ಲಿ ತಪ್ಪು ಹುಡುಕುವುದು

"ಮಿಸ್, ನಂದು ಕ್ಲಿಕ್ ಆಗ್ತಾನೇ ಇಲ್ಲ!" ಶಿರಸಿ ಹತ್ತಿರದ ನಮ್ಮ ಶಾಲೆಯಲ್ಲಿ ಶನಿವಾರ ಸ್ಕ್ರ್ಯಾಚ್ ಕ್ಲಾಸ್ ಇರುತ್ತದೆ. ಸ್ಕ್ರ್ಯಾಚ್ ಅಂದರೆ ಕಂಪ್ಯೂಟರಿನಲ್ಲಿ ಆಜ್ಞೆಗಳ ಬ್ಲಾಕುಗಳನ್ನು ಜೋಡಿಸಿ ಆಟ, ಅನಿಮೇಷನ್ ಮಾಡುವ ಪ್ರೋಗ್ರಾಮಿಂಗ್. ಅಲ್ಲಿ ಈ ಕೂಗು ಕೇಳದ ವಾರವಿಲ್ಲ. ಕೂಗಿದ ಮಗು ಆಗಲೇ ಬ್ಲಾಕುಗಳನ್ನೆಲ್ಲ ಕಿತ್ತು ಮತ್ತೆ ಜೋಡಿಸುತ್ತಿರುತ್ತದೆ. ನಾನು ಮೊದಲು ಅದನ್ನು ನಿಲ್ಲಿಸುತ್ತೇನೆ. ಕ್ಲಿಕ್ ಸ್ಪ್ರೈಟಿಗೆ, ಅಂದರೆ ಪರದೆಯ ಮೇಲೆ ಆಡಿಸುವ ಆ ಚಿತ್ರಕ್ಕೆ, ಮುಟ್ಟಿತೋ ಇಲ್ಲವೋ ಎಂದು ಗೊತ್ತಾಗದೆ ಏನನ್ನೂ ಕೀಳಬಾರದು.

ನೋಡುವುದು ಸುಲಭ. ‘ವೆನ್ ದಿಸ್ ಸ್ಪ್ರೈಟ್ ಕ್ಲಿಕ್ಡ್’ ಬ್ಲಾಕಿನ ಕೆಳಗಿರುವುದನ್ನೆಲ್ಲ ಹಾಗೇ ಪಕ್ಕಕ್ಕೆ ಎಳೆದಿಡಿ. ಅಲ್ಲಿ ‘ಸೇ ಹಲೋ ಫಾರ್ 2 ಸೆಕೆಂಡ್ಸ್’ ಒಂದನ್ನೇ ಸಿಕ್ಕಿಸಿ ಕ್ಲಿಕ್ ಮಾಡಿ. ಹಲೋ ಬಂತಾ? ಹಾಗಾದರೆ ಮೌಸ್ ಸರಿಯಿದೆ, ತಪ್ಪು ಅನಿಮೇಷನ್ನಿನಲ್ಲಿದೆ. ಬರಲಿಲ್ಲವಾ? ಹಾಗಾದರೆ ಕ್ಲಿಕ್ ದಾರಿಯಲ್ಲೇ ಎಲ್ಲೋ ನಿಂತಿದೆ.

ಏಳನೇ ಕ್ಲಾಸಿನ ಒಬ್ಬಳು ಮಳೆಗಾಲದ ಕಾಡು ಮಾಡಿದ್ದಳು. ಚಿಟ್ಟೆಯ ಮುಂದೆ ತೆಳ್ಳಗೆ ಮಂಜು ಹಾಯುತ್ತಿತ್ತು, ನೋಡೋಕೆ ತುಂಬಾ ಚೆಂದ. ಆದರೆ ಚಿಟ್ಟೆ ಮಾತ್ರ ಕ್ಲಿಕ್ಕಿಗೆ ಅಲುಗಾಡುತ್ತಿರಲಿಲ್ಲ. ಆ ಮಂಜೂ ಒಂದು ಸ್ಪ್ರೈಟ್, 480 ಅಗಲ 360 ಎತ್ತರದ ಇಡೀ ಸ್ಟೇಜನ್ನು, ಅಂದರೆ ಆಟ ಕಾಣುವ ಜಾಗವನ್ನು, ಮುಚ್ಚಿತ್ತು. ಕ್ಲಿಕ್ ಯಾವಾಗಲೂ ಎಲ್ಲಕ್ಕಿಂತ ಮೇಲಿರುವ ಸ್ಪ್ರೈಟಿಗೇ ಹೋಗುತ್ತದೆ. ಚಿಟ್ಟೆಗೆ ‘ಗೋ ಟು ಫ್ರಂಟ್ ಲೇಯರ್’ ಕೊಟ್ಟರೆ ಆಯಿತು. ಅವಳಿಗೆ ಮಂಜು ಮುಂದೆಯೇ ಬೇಕಿತ್ತು. ಆಗ ಬೇರೆ ದಾರಿ ಹಿಡಿದೆವು. ನಿಲ್ಲದೆ ಸುತ್ತುವ ‘ಫಾರೆವರ್’ ಒಳಗೆ ಒಂದು ‘ಇಫ್’ ಇಟ್ಟು, ‘ಟಚಿಂಗ್ ಮೌಸ್ ಪಾಯಿಂಟರ್’ ಮತ್ತು ‘ಮೌಸ್ ಡೌನ್’ ಎರಡನ್ನೂ ‘ಆ್ಯಂಡ್’ನಲ್ಲಿ ಸೇರಿಸಿದೆವು. ಇದಕ್ಕೆ ಮೇಲೆ ಯಾರಿದ್ದಾರೆ ಎಂಬ ಲೆಕ್ಕವಿಲ್ಲ.

ಕ್ಲಿಕ್ ತಲುಪದಿರಲು ಇನ್ನೆರಡು ಕಾರಣ ಆಗಾಗ ಸಿಗುತ್ತವೆ. ಬಳೆಯ ಹಾಗೆ ನಡುವೆ ಖಾಲಿ ಇರುವ ಚಿತ್ರದಲ್ಲಿ ಆ ಖಾಲಿ ಜಾಗ ಕ್ಲಿಕ್ ಆಗುವುದಿಲ್ಲ. ಚಿತ್ರವನ್ನು ಪಾರದರ್ಶಕ ಮಾಡುವ ಘೋಸ್ಟ್ ಎಫೆಕ್ಟ್ 100 ಇದ್ದರೂ ಆಗುವುದಿಲ್ಲ, 99 ಇಟ್ಟರೆ ಆಗುತ್ತದೆ.

ಮಂಜಿನ ಆಟ ಅಲ್ಲಿಗೆ ಮುಗಿಯಲಿಲ್ಲ. ಈಗ ಒಂದು ಕ್ಲಿಕ್ಕಿಗೆ ಸ್ಕೋರು ಮೂರು, ನಾಲ್ಕು ಏರತೊಡಗಿತು. ಸ್ಕ್ರ್ಯಾಚ್ ಸೆಕೆಂಡಿಗೆ 30 ಸಲ ‘ಫಾರೆವರ್’ ಸುತ್ತುತ್ತದೆ. ಬೆರಳು ಸೆಕೆಂಡಿನ ಹತ್ತನೇ ಒಂದು ಭಾಗ ಒತ್ತಿದ್ದರೂ ಮೂರು ಸುತ್ತು ಆಗಿಬಿಡುತ್ತದೆ. ಸ್ಕೋರು ಏರಿಸಿದ ಕೂಡಲೇ ‘ವೇಟ್ ಅಂಟಿಲ್ ನಾಟ್ ಮೌಸ್ ಡೌನ್’ ಹಾಕಿ. ಬೆರಳು ಎತ್ತುವವರೆಗೂ ಅದು ಕಾಯುತ್ತದೆ.

ಇನ್ನು ಹಲೋ ಬಂದೂ ಅನಿಮೇಷನ್ ಕೆಡುವುದು. ಕ್ಲಿಕ್ ಮಾಡಿದರೆ ಚಿಟ್ಟೆ ಒಮ್ಮೆ ಉಬ್ಬಿ ಇಳಿಯಬೇಕು ಅಂತ ಮಕ್ಕಳು ಹೀಗೆ ಬರೆಯುತ್ತಾರೆ: ಸೈಜ್ 20 ಹೆಚ್ಚಿಸು, 0.2 ಸೆಕೆಂಡ್ ಕಾಯಿ, 20 ಇಳಿಸು. ನಿಧಾನಕ್ಕೆ ಕ್ಲಿಕ್ ಮಾಡಿದರೆ ಸರಿಯಾಗಿಯೇ ಇರುತ್ತದೆ. ಪಟಪಟ ಅಂತ ನಾಲ್ಕು ಸಲ ಒತ್ತಿ ನೋಡಿ, 100 ಇದ್ದ ಸೈಜ್ 160ಕ್ಕೆ ನಿಲ್ಲುತ್ತದೆ. ಮತ್ತೆ ಕ್ಲಿಕ್ ಬಂದರೆ ಸ್ಕ್ರಿಪ್ಟ್ (ಜೋಡಿಸಿದ ಬ್ಲಾಕುಗಳ ಸಾಲು) ನಡುವೆಯೇ ನಿಂತು ಮೊದಲಿನಿಂದ ಶುರುವಾಗುತ್ತದೆ. ಏರಿಸುವುದು ನಾಲ್ಕು ಸಲ ನಡೆಯಿತು, ಇಳಿಸುವುದು ಕೊನೆಗೆ ಒಂದೇ ಸಲ. ಹಾಗಾಗಿ ಕ್ಲಿಕ್ಕಿನ ಮೊದಲ ಸಾಲಿನಲ್ಲೇ ‘ಸೆಟ್ ಸೈಜ್ ಟು 100’ ಇರಲಿ. ನನ್ನ ಕ್ಲಾಸಿನಲ್ಲಿ ಇದು ಕಡ್ಡಾಯ.

ಚಿಟ್ಟೆ ಮೌಸ್ ಹಿಂದೆ ಹಾರಬೇಕಾದರೆ ‘ಗ್ಲೈಡ್’ ಬೇಡ. ಹೊರಡುವಾಗ ಪಾಯಿಂಟರ್ ಎಲ್ಲಿತ್ತೋ ಅಲ್ಲಿಗೇ ಅದು ಹೋಗುತ್ತದೆ, ಮಧ್ಯೆ ನೀವು ಮೌಸ್ ಸರಿಸಿದರೂ ತಿರುಗುವುದಿಲ್ಲ. ‘ಫಾರೆವರ್’ ಒಳಗೆ ‘ಚೇಂಜ್ ಎಕ್ಸ್ ಬೈ’ ಇಟ್ಟು, ಮೌಸ್ ಎಕ್ಸ್‌ನಿಂದ ಚಿಟ್ಟೆಯ ಎಕ್ಸ್ ಕಳೆದು 5ರಿಂದ ಭಾಗಿಸಿ. ವೈಗೂ ಹಾಗೆಯೇ. ದೂರವಿದ್ದಾಗ ಜೋರಾಗಿ ಬಂದು, ಹತ್ತಿರವಾದಂತೆ ಮೆಲ್ಲಗಾಗುತ್ತದೆ. ಹೂವಿನ ಮೇಲೆ ಕೂರುವ ಚಿಟ್ಟೆಯೂ ಹೀಗೇ ಅಲ್ವಾ?

ಎಲ್ಲ ಸರಿಯಿದ್ದೂ ಬಾಣದ ಕೀಲಿಗಳು ಕೆಲಸ ಮಾಡದಿದ್ದರೆ ಬ್ಲಾಕುಗಳನ್ನು ಮುಟ್ಟಲೇಬೇಡಿ. ಕರ್ಸರ್ ಎಲ್ಲಿ ಮಿನುಗುತ್ತಿದೆ ನೋಡಿ. ಯಾವುದೋ ಬ್ಲಾಕಿನ ಅಂಕಿ ತಿದ್ದಿ ಹಾಗೇ ಬಿಟ್ಟಿದ್ದರೆ ಕೀಲಿಗಳೆಲ್ಲ ಆ ಚೌಕಕ್ಕೇ ಹೋಗುತ್ತವೆ. ಉತ್ತರ ಟೈಪ್ ಮಾಡುವ ‘ಆಸ್ಕ್’ ಪೆಟ್ಟಿಗೆ ತೆರೆದಿದ್ದಾಗಲೂ ಅಷ್ಟೇ. ಸ್ಟೇಜಿನ ಮೇಲೆ ಸುಮ್ನೆ ಒಂದು ಕ್ಲಿಕ್ ಮಾಡಿ ಮತ್ತೆ ಒತ್ತಿ. ಕೀಲಿ ಒತ್ತಿಹಿಡಿದೇ ಬೇರೆ ವಿಂಡೋಗೆ ಹಾರಿದರೆ ಉಲ್ಟಾ ಆಗುತ್ತದೆ: ಬೆರಳು ಎತ್ತಿದ್ದು ಸ್ಕ್ರ್ಯಾಚಿಗೆ ತಿಳಿಯುವುದಿಲ್ಲ, ಸ್ಪ್ರೈಟ್ ಗೋಡೆ ಮುಟ್ಟುವವರೆಗೂ ಓಡುತ್ತದೆ. ವಾಪಸ್ ಬಂದು ಅದೇ ಕೀಲಿಯನ್ನು ಒಮ್ಮೆ ಒತ್ತಿ ಬಿಡಿ, ನಿಲ್ಲುತ್ತದೆ.

ಬೇರೆ ಟ್ಯಾಬಿಗೆ ಹೋಗಿ ಬಂದಾಗಲೂ ಮಕ್ಕಳು ಗಾಬರಿಯಾಗುತ್ತಾರೆ. ಕಾಣದ ಟ್ಯಾಬನ್ನು ಬ್ರೌಸರ್ ನಿಧಾನ ಮಾಡುತ್ತದೆ. ‘ಮೂವ್ 10 ಸ್ಟೆಪ್ಸ್’ನಲ್ಲಿ ನಡೆಯುತ್ತಿದ್ದ ಬೆಕ್ಕು ಹೆಚ್ಚುಕಡಿಮೆ ಅಲ್ಲೇ ನಿಂತಿರುತ್ತದೆ, ಆದರೆ ‘ಟೈಮರ್’ ಓಡುತ್ತಲೇ ಇರುತ್ತದೆ. ಅದಕ್ಕೇ ಆಟದ ಸಮಯವನ್ನು ಸುತ್ತುಗಳಲ್ಲಿ ಎಣಿಸಬೇಡಿ, ‘ಟೈಮರ್’ ನೋಡಿ.