ಐದು ವರ್ಷದೊಳಗಿನ ಮಕ್ಕಳಿರುವ ಮನೆಯಲ್ಲಿ ಗೊತ್ತಿರಬೇಕಾದದ್ದು

ಭೇದಿ ಹತ್ತಿದ ಮಗುವಿಗೆ ಮೊದಲು ಬೇಕಾದದ್ದು ಕಳೆದುಹೋದ ನೀರು, ಉಪ್ಪು. ಭೇದಿ ಕಟ್ಟಿಸುವ ಮಾತ್ರೆ ಬೇಡವೇ ಬೇಡ. ಓಆರ್‌ಎಸ್ ಪುಡಿ ಆಶಾ ಕಾರ್ಯಕರ್ತೆಯರ ಹತ್ತಿರ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ಸಿಗುತ್ತದೆ. ಎರಡು ಪೊಟ್ಟಣ ಮನೆಯಲ್ಲಿ ಸದಾ ಇರಲಿ.

ತಪ್ಪು ಆಗುವುದು ಕಲಸುವಾಗ. ದೊಡ್ಡ ಪೊಟ್ಟಣದಲ್ಲಿ ಸುಮಾರು 21 ಗ್ರಾಂ ಪುಡಿ ಇರುತ್ತದೆ. ಅಷ್ಟನ್ನೂ ಕುದಿಸಿ ಆರಿಸಿದ 1 ಲೀಟರ್ ನೀರಿಗೆ ಒಂದೇ ಸಲ ಹಾಕಿ. ಅಳತೆಗೆ ಬಸ್ ಸ್ಟ್ಯಾಂಡಿನಲ್ಲಿ ಕೊಂಡ ಒಂದು ಲೀಟರ್ ನೀರಿನ ಖಾಲಿ ಬಾಟಲಿ ಸಾಕು. ಒಂದು ಲೋಟಕ್ಕೆ ಅರ್ಧ ಪೊಟ್ಟಣ ಸುರಿದರೆ ದ್ರಾವಣ ಗಟ್ಟಿಯಾಗಿ, ಕರುಳು ಮೈಯಲ್ಲಿರುವ ನೀರನ್ನೇ ಎಳೆದುಕೊಂಡು ಭೇದಿ ಜಾಸ್ತಿಯಾಗುತ್ತದೆ, ರಕ್ತದಲ್ಲಿ ಉಪ್ಪೂ ಏರುತ್ತದೆ. ಸಕ್ಕರೆ, ಹಾಲು, ಜ್ಯೂಸ್ ಏನನ್ನೂ ಬೆರೆಸಬೇಡಿ. ಕಲಸಿದ್ದು 24 ಗಂಟೆ ಮಾತ್ರ ಇಡಬಹುದು, ಉಳಿದದ್ದು ಚೆಲ್ಲಿ. ಅಂಗಡಿಯಲ್ಲಿ ಪೇಯದ ಪ್ಯಾಕೆಟ್ ಕೊಳ್ಳುವವರು ಹೆಸರು ನೋಡಿ ಮೋಸಹೋಗಬಾರದು. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಪುಡಿಯಲ್ಲಿ ಲೀಟರಿಗೆ ಗ್ಲುಕೋಸ್ 13.5 ಗ್ರಾಂ, ಸೋಡಿಯಂ ಕ್ಲೋರೈಡ್ 2.6 ಗ್ರಾಂ ಎಂದು ಬರೆದಿರುತ್ತದೆ. ಸಿಹಿ ಪೇಯಗಳಲ್ಲಿ ಸಕ್ಕರೆ ಇದರ ಎಷ್ಟೋ ಪಟ್ಟು ಇರುತ್ತದೆ.

ಪ್ರತಿ ಸಲ ಭೇದಿಯಾದ ಮೇಲೆ ಎರಡು ವರ್ಷದೊಳಗಿನ ಮಗುವಿಗೆ 50ರಿಂದ 100 ಮಿಲಿ, ಅದಕ್ಕಿಂತ ದೊಡ್ಡವರಿಗೆ 100ರಿಂದ 200 ಮಿಲಿ ಕುಡಿಸಿ. ಬಾಟಲಿ ಬಾಯಿಗೆ ಇಟ್ಟರೆ ಗಟಗಟ ಕುಡಿದು ವಾಂತಿ ಮಾಡುತ್ತವೆ, ಅದಕ್ಕೇ ಚಮಚ ಬೇಕು. ವಾಂತಿಯಾದರೆ 10 ನಿಮಿಷ ಬಿಟ್ಟು, ಎರಡು ಮೂರು ನಿಮಿಷಕ್ಕೊಂದು ಚಮಚದಂತೆ ಮತ್ತೆ ಶುರು ಮಾಡಿ. ಎದೆಹಾಲು ನಿಲ್ಲಿಸಬೇಡಿ, ಮೆತ್ತನೆ ಅನ್ನ, ಗಂಜಿ, ಬಾಳೆಹಣ್ಣು ನಡೆಯಲಿ. ಜೊತೆಗೆ ಜಿಂಕ್ ಮಾತ್ರೆ: ಎರಡರಿಂದ ಆರು ತಿಂಗಳವರೆಗೆ ದಿನಕ್ಕೆ 10 ಮಿಗ್ರಾಂ, ಆಮೇಲೆ 20 ಮಿಗ್ರಾಂ, 14 ದಿನ. ಭೇದಿ ಮೂರೇ ದಿನಕ್ಕೆ ನಿಂತರೂ ಹದಿನಾಲ್ಕೂ ದಿನ ಕೊಡಿ. ಮುಂದೆ ಭೇದಿ ಮರುಕಳಿಸುವುದನ್ನು ತಗ್ಗಿಸುವುದು ಆ ಉಳಿದ ದಿನಗಳೇ.

ಕಣ್ಣು ಗುಳಿಬಿದ್ದರೆ, ಹೊಟ್ಟೆಯ ಚರ್ಮ ಎರಡು ಬೆರಳಲ್ಲಿ ಎತ್ತಿ ಬಿಟ್ಟಾಗ ಎರಡು ಸೆಕೆಂಡಾದರೂ ಮಡಿಕೆ ಹೋಗದಿದ್ದರೆ, ಮಗು ಮಂಕಾಗಿ ಕುಡಿಯಲಾರದೆ ಹೋದರೆ, ಮಲದಲ್ಲಿ ರಕ್ತ ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ಇನ್ನು ಶೇಂಗಾ. ಚಳ್ಳಕೆರೆ, ಹಿರಿಯೂರು, ಮೊಳಕಾಲ್ಮೂರು ಕಡೆ ಮನೆ ತುಂಬ ಶೇಂಗಾ. ದಾವಣಗೆರೆಯ ಮಂಡಕ್ಕಿಯಲ್ಲೂ ಅದು ಇರುತ್ತದೆ, ಜೊತೆಗೆ ಪುಟಾಣಿ. ಚನ್ನಗಿರಿ, ಹೊಳಲ್ಕೆರೆಯಲ್ಲಿ ಅಂಗಳದ ಅಡಿಕೆ ಕೈಗೆ ಸಿಗುತ್ತದೆ. ಐದು ವರ್ಷದವರೆಗೆ ಇಡೀ ಕಾಳು ಕೊಡಬೇಡಿ. ಪುಡಿ ಮಾಡಿ ಅನ್ನಕ್ಕೆ ಕಲಸಿದ್ದು ಆಗಬಹುದು. ದವಡೆ ಹಲ್ಲು ಬಲಿಯುವ ಮುನ್ನ ಮಕ್ಕಳಿಗೆ ಕಾಳು ಅರೆಯಲು ಬರುವುದಿಲ್ಲ. ನಗುವಾಗ, ಓಡುವಾಗ ಅದು ನೇರ ಶ್ವಾಸನಾಳಕ್ಕೆ ಇಳಿಯುತ್ತದೆ.

ಮಗು ಜೋರಾಗಿ ಕೆಮ್ಮುತ್ತಿದ್ದರೆ ಕೆಮ್ಮಲಿ, ಮಧ್ಯೆ ಹೋಗಬೇಡಿ. ಧ್ವನಿಯೇ ಹೊರಡದೆ ತುಟಿ ನೀಲಿಯಾಗುತ್ತಿದ್ದರೆ, ಒಂದು ವರ್ಷದೊಳಗಿನ ಮಗುವನ್ನು ತಲೆ ತಗ್ಗಿಸಿ ಮುಂಗೈ ಮೇಲೆ ಬೋರಲು ಹಾಕಿ ಎರಡು ಹೆಗಲುಗಳ ನಡುವೆ ಅಂಗೈ ಬುಡದಿಂದ 5 ಏಟು ಕೊಡಿ. ಬಳಿಕ ಅಂಗಾತ ತಿರುಗಿಸಿ ಎದೆಯ ನಡುವೆ 5 ಸಲ ಒತ್ತಿ. ಒಂದು ವರ್ಷ ದಾಟಿದ್ದರೆ ಬೆನ್ನಿಗೆ 5 ಏಟು, ನಂತರ ಹಿಂದಿನಿಂದ ತಬ್ಬಿ ಹೊಕ್ಕಳ ಮೇಲ್ಭಾಗದಲ್ಲಿ ಮುಷ್ಟಿಯಿಂದ ಒಳಕ್ಕೂ ಮೇಲಕ್ಕೂ 5 ಸಲ. ಹೊರಬರುವ ತನಕ ಹೀಗೇ ಮಾಡಿ. ಪ್ರಜ್ಞೆ ತಪ್ಪಿದರೆ 108ಕ್ಕೆ ಕರೆ ಮಾಡಿ. ಕಣ್ಣಿಗೆ ಕಾಣದ ಕಾಳಿಗೆ ಬಾಯಲ್ಲಿ ಬೆರಳು ಹಾಕಿ ತಡಕಾಡಿದರೆ ಅದು ಇನ್ನೂ ಕೆಳಕ್ಕೆ ಹೋಗುತ್ತದೆ.

ಕೆಮ್ಮು ನಿಂತಿತೆಂದು ಅಲ್ಲಿಗೇ ಬಿಡಬಾರದು. ಶೇಂಗಾ ಒಂದು ಬದಿಯ ಶ್ವಾಸಕೋಶದಲ್ಲಿ ಕೂತರೆ ಅದರ ಎಣ್ಣೆಯಂಶ ಉರಿಯೂತ ತರುತ್ತದೆ, ಕಾಳೂ ಉಬ್ಬುತ್ತದೆ. ವಾರಗಟ್ಟಲೆ ವಾಸಿಯಾಗದ ಕೆಮ್ಮು, ಒಂದೇ ಕಡೆ ಸುಂಯ್ ಸದ್ದು ಇದರ ಗುರುತು. ಎಕ್ಸ್‌ರೇಯಲ್ಲಿ ಶೇಂಗಾ ಕಾಣುವುದಿಲ್ಲ, ಆದ್ದರಿಂದ ‘ಅವತ್ತು ತಿನ್ನುವಾಗ ಉಸಿರು ಸಿಕ್ಕಿಕೊಂಡಿತ್ತು’ ಎಂಬ ಮಾತು ಡಾಕ್ಟರಿಗೆ ಹೇಳಲೇಬೇಕು.

ಜ್ವರದ ಔಷಧಿಯಲ್ಲಿ ಡ್ರಾಪ್ಸ್ ಬೇರೆ, ಸಿರಪ್ ಬೇರೆ. ಪ್ಯಾರಾಸಿಟಮಾಲ್ ಡ್ರಾಪ್ಸ್ ಸಾಮಾನ್ಯವಾಗಿ 1 ಮಿಲಿಗೆ 100 ಮಿಗ್ರಾಂ, ಸಿರಪ್ 5 ಮಿಲಿಗೆ 125 ಇಲ್ಲವೇ 250 ಮಿಗ್ರಾಂ. 10 ಕೆಜಿ ಮಗುವಿಗೆ ಒಂದು ಸಲಕ್ಕೆ 100ರಿಂದ 150 ಮಿಗ್ರಾಂ ಸಾಕು. 125ರ ಸಿರಪ್ಪಿನ ಅಳತೆಯಲ್ಲಿ ಡ್ರಾಪ್ಸ್ ಕೊಟ್ಟರೆ ನಾಲ್ಕು ಪಟ್ಟು ಔಷಧಿ ಹೊಟ್ಟೆಗೆ ಹೋಗುತ್ತದೆ, ಪೆಟ್ಟು ಯಕೃತ್ತಿಗೆ. ಮೂರು ತಿಂಗಳೊಳಗಿನ ಕೂಸಿಗೆ ಜ್ವರ ಬಂದರೆ ಮನೆಮದ್ದು ಬೇಡ, ಅವತ್ತೇ ತೋರಿಸಿ.

ಚಿತ್ರದುರ್ಗದ ಕಲ್ಲುನೆಲದಲ್ಲಿ ಚೇಳಿನ ಭಯ ಸುಳ್ಳಲ್ಲ. ಸೌದೆ, ಕಲ್ಲಿನ ರಾಶಿ ಗೋಡೆಗೆ ಒತ್ತಿಸಿ ಇಡಬೇಡಿ, ಹಾಸಿಗೆ, ಬಟ್ಟೆ, ಚಪ್ಪಲಿ ಕೊಡವಿ. ಕೆಂಪು ಚೇಳು ಕುಟುಕಿದ ಮಗುವಿಗೆ ನೋವು ಕಡಿಮೆ ಎಂದು ಕೂರಬೇಡಿ. ಮೈ ಬೆವರಿ, ಕೈಕಾಲು ತಣ್ಣಗಾಗಿ, ವಾಂತಿಯಾದರೆ ವಿಷ ಹೃದಯಕ್ಕೆ ಮುಟ್ಟಿದೆ ಎಂದೇ ತಿಳಿಯಿರಿ. ಆಸ್ಪತ್ರೆಯಲ್ಲಿ ಕೊಡುವ ಪ್ರಾಜೋಸಿನ್ ಮಾತ್ರೆ ಬೇಗ ಸಿಕ್ಕಷ್ಟೂ ಒಳ್ಳೆಯದು. ಮಂತ್ರ ಹಾಕಿಸಿ ಕಳೆಯುವ ಗಂಟೆ ಮಗುವಿನದು. ಹಾವಿಗೂ ಇಷ್ಟೇ: ಕಟ್ಟಬೇಡಿ, ಕೊಯ್ಯಬೇಡಿ, ಕಾಲು ಅಲುಗದಂತೆ ಎತ್ತಿಕೊಂಡು ಹೊರಡಿ.

ನೀರು: ಬಕೆಟ್ಟಿನಲ್ಲಿ ಒಂದು ಗೇಣಿಗಿಂತ ಕಡಿಮೆ ನೀರಿದ್ದರೂ ಬಗ್ಗಿ ಬಿದ್ದ ಕೂಸು ಮೇಲೇಳಲಾರದು. ಸಂಪಿನ ಮುಚ್ಚಳಕ್ಕೆ ಬೀಗ, ಬಕೆಟ್ ಬೋರಲು, ಕೃಷಿ ಹೊಂಡಕ್ಕೆ ಬೇಲಿ. ಭದ್ರಾ ಚಾನಲ್ಲಿನ ಪಕ್ಕದ ಮನೆಯವರು ನೀರು ಬಿಟ್ಟ ದಿನಗಳಲ್ಲಿ ಹೊರಗಿನ ಬಾಗಿಲ ಚಿಲಕ ಮಗುವಿಗೆ ಎಟುಕದಷ್ಟು ಎತ್ತರಕ್ಕೆ ಹಾಕಿ.

ಸುಟ್ಟರೆ 20 ನಿಮಿಷ ಹರಿಯುವ ನಲ್ಲಿ ನೀರು, ಅಷ್ಟೆ. ಪೇಸ್ಟ್, ಶಾಯಿ, ದೋಸೆ ಹಿಟ್ಟು, ಐಸ್ ಯಾವುದೂ ಬೇಡ. ಸೀಮೆಎಣ್ಣೆ, ಕಳೆನಾಶಕ ಕುಡಿದಿದ್ದರೆ ವಾಂತಿ ಮಾಡಿಸಬೇಡಿ, ಸೀಮೆಎಣ್ಣೆ ಶ್ವಾಸಕೋಶಕ್ಕೆ ಇಳಿಯುವುದು ಆಗಲೇ. ಹೊರಡುವಾಗ ಆ ಡಬ್ಬಿಯನ್ನೂ ತಾಯಿ ಕಾರ್ಡನ್ನೂ ಕೈಯಲ್ಲಿ ಹಿಡಿದುಕೊಳ್ಳಿ.