ನಾಟಿ ಹೇಂಟೆಯನ್ನು ಗುರುತಿಸಿ ಖರೀದಿಸುವುದು ಹೇಗೆ?

ಜಗಳೂರು, ಚಳ್ಳಕೆರೆ ಕಡೆಯ ಸಂತೆಗಳಲ್ಲಿ ಗರಿ ಬಣ್ಣಬಣ್ಣವಾಗಿದ್ದರೆ ಸಾಕು, ನಾಟಿ ಕೋಳಿಯೆಂದು ನಂಬಿ ಹೆಚ್ಚು ಹಣ ಕೊಟ್ಟು ಒಯ್ಯುವವರನ್ನು ನೋಡುತ್ತಲೇ ಇದ್ದೇನೆ. ಕೆಲವು ತಿಂಗಳ ಬಳಿಕ ಅವರೆಲ್ಲರ ದೂರೂ ಒಂದೇ: ಮೊಟ್ಟೆ ಸಿಗುತ್ತದೆ, ಹೇಂಟೆ ಮಾತ್ರ ಕಾವಿಗೆ ಕೂರುವುದಿಲ್ಲ.

ಮೊದಲು ಕೋಳಿ ಯಾತಕ್ಕೆ ಬೇಕೆಂದು ತೀರ್ಮಾನಿಸಿಕೊಳ್ಳಿ. ಮೊಟ್ಟೆ, ಮಾಂಸವಷ್ಟೇ ಸಾಕೆಂದರೆ ಬೆಂಗಳೂರಿನಲ್ಲಿ ರೂಪುಗೊಂಡ ಗಿರಿರಾಜ, ಸ್ವರ್ಣಧಾರ ಅಥವಾ ಹೈದರಾಬಾದಿನ ವನರಾಜ, ಗ್ರಾಮಪ್ರಿಯ ತಳಿಗಳು ಒಳ್ಳೆಯವೇ. ನಾಟಿ ಹೇಂಟೆ ವರ್ಷಕ್ಕೆ ಸುಮಾರು 50–60 ಮೊಟ್ಟೆ ಇಟ್ಟರೆ ಇವು ನೂರನ್ನು ದಾಟುತ್ತವೆ. ಆದರೆ ಹೆಚ್ಚು ಮೊಟ್ಟೆಗಾಗಿ ಆರಿಸುತ್ತ ಬಂದ ಈ ತಳಿಗಳಲ್ಲಿ ಕಾವು ಕೂರುವ ಗುಣ ಬಹುಮಟ್ಟಿಗೆ ಅಳಿದಿದೆ. ಮಿಶ್ರತಳಿಗಳಾದ್ದರಿಂದ ಮುಂದಿನ ಪೀಳಿಗೆಯಲ್ಲಿ ತಾಯಿಕೋಳಿಯ ಗುಣಗಳು ಪೂರ್ತಿಯಾಗಿ ಉಳಿಯುವುದೂ ಇಲ್ಲ. ಮರಿಗಾಗಿ ಪ್ರತಿ ಸಲವೂ ಯಂತ್ರದಲ್ಲಿ ಮರಿ ಮಾಡಿಸುವ ಹ್ಯಾಚರಿಗೇ ಹೋಗಬೇಕು. ಹಿತ್ತಿಲಲ್ಲಿ ತಾನಾಗಿ ಹೆಚ್ಚುವ ಹಿಂಡು ಬೇಕಾದವರು ನಾಟಿಯನ್ನೇ ಕೊಳ್ಳಬೇಕು.

ಜನ ಎಡವುವುದು ಎರಡನೆಯ ಹೆಜ್ಜೆಯಲ್ಲಿ, ಅಂದರೆ ಗುರುತಿಸುವಾಗ. ಗರಿಯ ಬಣ್ಣವನ್ನು ಲೆಕ್ಕಕ್ಕೇ ತೆಗೆದುಕೊಳ್ಳಬೇಡಿ. ಮೇಲೆ ಹೇಳಿದ ತಳಿಗಳಲ್ಲಿ ಹಲವಕ್ಕೆ ನಾಟಿಯಂಥದೇ ಗರಿ ಇದೆ. ಕಂದು ಮೊಟ್ಟೆಯೂ ಪುರಾವೆಯಲ್ಲ, ಏಕೆಂದರೆ ಕಂದು ಮೊಟ್ಟೆಯ ಫಾರಂ ಕೋಳಿಗಳೂ ಇವೆ. ತೂಕವನ್ನೂ ವಯಸ್ಸನ್ನೂ ಒಟ್ಟಿಗೆ ನೋಡಬೇಕು. ಒಂದು ಕಿಲೋ ದಾಟಿದ ನಾಟಿ ಹೇಂಟೆ ಸಾಮಾನ್ಯವಾಗಿ ಮೊಟ್ಟೆಯಿಡುವ ವಯಸ್ಸಿಗೆ ಬಂದಿರುತ್ತದೆ. ಜುಟ್ಟು ಕೆಂಪೇರಿ, ದನಿ ಬಲಿತಿರುತ್ತದೆ. ಹ್ಯಾಚರಿ ತಳಿ ಎರಡು–ಮೂರು ತಿಂಗಳಲ್ಲೇ ಆ ತೂಕ ಮುಟ್ಟುವುದರಿಂದ ಮೈ ದೊಡ್ಡದಾಗಿದ್ದರೂ ಜುಟ್ಟು ಪೇಲವವಾಗಿರುತ್ತದೆ, ಕೈಯಲ್ಲಿ ಹಿಡಿದರೆ ಮರಿಯಂತೆ ಚಿಂವ್‌ಗುಟ್ಟುತ್ತದೆ. ಹುಂಜವಾದರೆ ಕಾಲಿನ ಮುಳ್ಳನ್ನು ತಡವಿ ನೋಡಿ: ಒಂದೂವರೆ ಕಿಲೋದ ನಾಟಿ ಹುಂಜಕ್ಕೆ ಮುಳ್ಳು ಮೂಡಿರುತ್ತದೆ, ಅಷ್ಟೇ ತೂಕದ ಎಳೆಯ ಹ್ಯಾಚರಿ ಹುಂಜದ ಕಾಲು ದಪ್ಪಗಿದ್ದರೂ ನುಣುಪಾಗಿರುತ್ತದೆ. ಕೊಕ್ಕಿನ ತುದಿ ಕತ್ತರಿಸಿದ್ದರೆ ಅದು ಫಾರಂನಿಂದ ಬಂದದ್ದೇ. ಇಷ್ಟಾದರೂ ಸಂತೆಗಿಂತ ಹಳ್ಳಿಯ ಮನೆಗೇ ಹೋಗಿ, ಮರಿಗಳೊಂದಿಗೆ ಓಡಾಡುತ್ತಿರುವ ಹೇಂಟೆಯನ್ನು ಕಣ್ಣಾರೆ ಕಂಡು ಖರೀದಿಸುವುದೇ ಸರಿಯಾದ ದಾರಿ.

ತಂದ ಕೋಳಿಗಳನ್ನು ಎರಡು–ಮೂರು ವಾರ ಬೇರೆಯಾಗಿಡಿ. ನಾಟಿಗೆ ರೋಗ ಬಾರದೆಂಬ ಮಾತನ್ನು ನಂಬಬೇಡಿ. ಕೊಕ್ಕರೆ ರೋಗ (ರಾಣಿಖೇತ್) ಬಂದರೆ ಇಡೀ ಹಿಂಡೇ ಸಾಯಬಹುದು, ಆದ್ದರಿಂದ ಪಶು ಆಸ್ಪತ್ರೆಯಲ್ಲಿ ವಿಚಾರಿಸಿ ಲಸಿಕೆ ಹಾಕಿಸಿ. ದಾವಣಗೆರೆ ಸೀಮೆಯಲ್ಲಿ ಮೆಕ್ಕೆಜೋಳ ಸುಲಭವಾಗಿ ಸಿಗುತ್ತದೆಂದು ಅದೊಂದನ್ನೇ ಹಾಕಿದರೆ ಪ್ರೋಟೀನ್ ಸಾಲುವುದಿಲ್ಲ; ಹುಳುಹುಪ್ಪಟೆ ಹೆಕ್ಕಲು ಹೊರಗೆ ಬಿಡಲೇಬೇಕು.

ಹೇಂಟೆ ಕಾವಿಗೆ ಕೂತಾಗ ವಾರದೊಳಗಿನ 10–12 ಮೊಟ್ಟೆಗಳನ್ನಿಡಿ. 21 ದಿನಕ್ಕೆ ಮರಿಯಾಗುತ್ತವೆ. ನಮ್ಮ ಕಡೆಯ ಏಪ್ರಿಲ್, ಮೇ ಬಿಸಿಲಿಗೆ ಹೊರಗಿಟ್ಟ ಮೊಟ್ಟೆ ಬೇಗ ಕೆಡುವುದರಿಂದ ಆ ತಿಂಗಳುಗಳಲ್ಲಿ ಕೂರಿಸದಿರುವುದು ಲೇಸು. ಹ್ಯಾಚರಿ ತಳಿಯ ಹುಂಜ ಮನೆಯಲ್ಲಿದ್ದರೆ ಅದನ್ನು ಮೊದಲು ಮಾರಿ, ನಾಟಿ ಹುಂಜದೊಂದಿಗೆ ಮೂರು ವಾರ ಕಳೆದ ಮೇಲಿನ ಮೊಟ್ಟೆಗಳನ್ನಷ್ಟೇ ಕಾವಿಗಿಡಿ.